ಪಿ.ಎಂ.ಆರ್. ಡಾಕ್ಟರ್ ಎಲ್ಲಿ ಸಿಗ್ತಾರ್ರಿ?

ಬಾಗಲಕೋಟೆಯಲ್ಲಿ ‘ಪುನರ್ವಸತಿ’ ಎಲ್ಲಿ ಎಂದು ಕೇಳಿದರೆ ಜನ ನವನಗರದ ಕಚೇರಿಯ ದಾರಿ ತೋರಿಸುತ್ತಾರೆ. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಕಳೆದುಕೊಂಡವರು ಅಲೆದಾಡುವ ಕಚೇರಿ ಅದು. ಬೆಳಗಾವಿಯಲ್ಲಿ ಕುಳಿತು ಮೊಬೈಲಿನಲ್ಲಿ ‘ರಿಹ್ಯಾಬ್ ಸೆಂಟರ್’ ಅಂತ ಹುಡುಕಿದರೆ ಕುಡಿತ ಬಿಡಿಸುವ ಕೇಂದ್ರಗಳು ಸಾಲಾಗಿ ಬರುತ್ತವೆ. ದವಾಖಾನೆಯ ಕೌಂಟರಿನಲ್ಲಿ ಕೇಳಿದರೆ ‘ಫಿಸಿಯೋ ಏನ್ರಿ? ಕೆಳಗ ಹೋಗ್ರಿ’ ಎಂಬ ಉತ್ತರ. ಮೂರೂ ಬೇರೆಯವರ ವಿಳಾಸ. ಲಕ್ವಾ ಹೊಡೆದ ಮೇಲೆ, ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ, ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದ ಮೇಲೆ ನೋಡಬೇಕಾದ ಡಾಕ್ಟರ್ ಇನ್ನೊಬ್ಬರಿದ್ದಾರೆ. ಅವರ ವಿಭಾಗದ ಹೆಸರು ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್, ಚಿಕ್ಕದಾಗಿ ಪಿ.ಎಂ.ಆರ್.

ನರರೋಗದ ಡಾಕ್ಟರ್ ಮೆದುಳಿನ ರಕ್ತನಾಳ ನೋಡುತ್ತಾರೆ, ಮೂಳೆ ಡಾಕ್ಟರ್ ಮುರಿದದ್ದನ್ನು ಕೂಡಿಸುತ್ತಾರೆ. ಪಿ.ಎಂ.ಆರ್. ಡಾಕ್ಟರ್ ಕೇಳುವುದೇ ಬೇರೆ: ಸಂಡಾಸಕ್ಕೆ ಒಬ್ಬರೇ ಹೋಗ್ತೀರೇನು? ರೊಟ್ಟಿ ಮುರಿಯಾಕ ಬರ್ತದೇನು? ಮಗ್ಗಲು ಹೊರಳಾಕ ಎಷ್ಟು ಮಂದಿ ಬೇಕು? ರೋಗ ಉಳಿಸಿಹೋದದ್ದನ್ನು ಅಳೆದು, ಅದರೊಳಗೆ ಎಷ್ಟು ಕೆಲಸ ವಾಪಸ್ ತರಬಹುದು ಎಂದು ಲೆಕ್ಕ ಹಾಕುವುದು ಅವರ ಕಸುಬು. ಮಾತ್ರೆ, ಇಂಜೆಕ್ಷನ್, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್, ಕೃತಕ ಕಾಲು, ವ್ಯಾಯಾಮ, ಮೂತ್ರದ ನಿರ್ವಹಣೆ ಎಲ್ಲವನ್ನೂ ಒಂದೇ ಚೀಟಿಯಲ್ಲಿ ಜೋಡಿಸಬಲ್ಲವರು ಅವರು.

ಫಿಸಿಯೋಥೆರಪಿಸ್ಟರ ಜೊತೆ ಗೊಂದಲ ಆಗುವುದು ಸಹಜ. ಹೆಸರಿಗಿಂತ ಮೊದಲು ‘ಡಾ.’ ಇದೆಯೋ ಇಲ್ಲವೋ ನೋಡಿದರೆ ಏನೂ ತಿಳಿಯುವುದಿಲ್ಲ, ಹೆಸರಾದ ಮೇಲೆ ಬರುವ ಪದವಿಯ ಅಕ್ಷರ ನೋಡಬೇಕು. ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಓದಿ ಪಡೆಯುವುದು ಎಂ.ಡಿ. ಪಿ.ಎಂ.ಆರ್. ಅಥವಾ ಡಿ.ಎನ್.ಬಿ. ಪಿ.ಎಂ.ಆರ್. ಹಳೆಯ ಕಾಲದ ಡಿಪ್ಲೊಮಾ ಇದ್ದರೆ ಡಿ.ಪಿ.ಎಂ.ಆರ್. ಬಿ.ಪಿ.ಟಿ., ಎಂ.ಪಿ.ಟಿ. ಎಂದಿದ್ದರೆ ಅವರು ಫಿಸಿಯೋಥೆರಪಿಸ್ಟ್. ಇದರಲ್ಲಿ ಮೇಲು ಕೀಳಿನ ಮಾತಿಲ್ಲ. ದಿನಾ ಬೆವರು ಹರಿಸಿ ರೋಗಿಯನ್ನು ನಿಲ್ಲಿಸುವವರು ಫಿಸಿಯೋದವರೇ. ಆದರೆ ಸ್ನಾಯುವಿನ ಬಿಗಿತಕ್ಕೆ ಔಷಧಿ ಬರೆಯುವುದು, ಬಿಗಿತ ಇಳಿಸುವ ಬೊಟ್ಯುಲಿನಮ್ (ಬೊಟೊಕ್ಸ್) ಇಂಜೆಕ್ಷನ್ ಹಾಕುವುದು, ವ್ಯಾಯಾಮ ಎಲ್ಲಿ ನಿಲ್ಲಿಸಬೇಕು ಎಂದು ಹೃದಯ ಮತ್ತು ಬಿ.ಪಿ. ನೋಡಿ ಹೇಳುವುದು ಡಾಕ್ಟರ ಕೆಲಸ.

ಬೋರ್ಡ್ ನಂಬುವ ಮೊದಲು ನೋಂದಣಿ ಸಂಖ್ಯೆ ನೋಡಿ. ಪ್ರತಿ ಡಾಕ್ಟರೂ ಅದನ್ನು ಚೀಟಿಯ ಮೇಲೆ ಹಾಕಬೇಕೆಂಬ ನಿಯಮ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಇದೆ. ಅಲ್ಲಿ ರಾಜ್ಯದ ಕೌನ್ಸಿಲ್ ಆರಿಸಿ ಹೆಸರು ಇಲ್ಲವೇ ಸಂಖ್ಯೆ ಹಾಕಿದರೆ ಪದವಿಯ ವಿವರ ಬರುತ್ತದೆ. ನಮ್ಮ ಗಡಿ ಜಿಲ್ಲೆಗಳಲ್ಲಿ ಒಂದು ಸೂಕ್ಷ್ಮ ಇದೆ. ಡಾಕ್ಟರ್ ಮೂಲತಃ ಮಹಾರಾಷ್ಟ್ರದಲ್ಲಿ ನೋಂದಾಯಿಸಿದವರಾದರೆ ಕರ್ನಾಟಕದ ಪಟ್ಟಿಯಲ್ಲಿ ಹುಡುಕಿ ಕೈಚೆಲ್ಲಬೇಡಿ, ಆ ಕೌನ್ಸಿಲ್‌ನಲ್ಲೂ ನೋಡಿ. ಎಂ.ಡಿ. ಪದವಿಯನ್ನು ಹೆಚ್ಚುವರಿಯಾಗಿ ದಾಖಲಿಸದೆ ಬಿಟ್ಟವರೂ ಇರುತ್ತಾರೆ. ಅಲ್ಲಿ ಕಾಣದಿದ್ದರೆ ನೇರವಾಗಿ ಕೇಳಿ: ‘ಪಿ.ಎಂ.ಆರ್. ಎಲ್ಲಿ ಮಾಡೀರಿ ಸರ್?’ ನಿಜವಾಗಿ ಓದಿದವರು ಇದಕ್ಕೆ ಸಿಟ್ಟಾಗುವುದಿಲ್ಲ.

ಹುಡುಕಾಟ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದ ಶುರುವಾಗಲಿ. ಬೆಳಗಾವಿಯಲ್ಲಿ ನೆಹರೂ ನಗರದ ಕೆ.ಎಲ್.ಇ. ಪ್ರಭಾಕರ ಕೋರೆ ಆಸ್ಪತ್ರೆ ಮತ್ತು ಜಿಲ್ಲಾಸ್ಪತ್ರೆಗೆ ಸೇರಿದ ಬಿಮ್ಸ್, ಬಾಗಲಕೋಟೆಯಲ್ಲಿ ನವನಗರದ ಎಚ್.ಎಸ್.ಕೆ. ಆಸ್ಪತ್ರೆ, ವಿಜಯಪುರದಲ್ಲಿ ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ಆಸ್ಪತ್ರೆ, ಅಲ್-ಅಮೀನ್ ಮತ್ತು ಜಿಲ್ಲಾಸ್ಪತ್ರೆ. ಹೋಗುವ ಮೊದಲು ಫೋನ್ ಮಾಡಿ, ಮತ್ತು ಕೇಳುವ ರೀತಿ ಬದಲಿಸಿ. ‘ಫಿಸಿಯೋ ಅದಾರೇನ್ರಿ’ ಎಂದರೆ ‘ಅದಾರ’ ಎಂದೇ ಹೇಳುತ್ತಾರೆ, ನಿಮ್ಮ ಬಸ್ ಚಾರ್ಜು ದಂಡ. ಹೀಗೆ ಕೇಳಿ: ‘ಎಂ.ಡಿ. ಪಿ.ಎಂ.ಆರ್. ಡಾಕ್ಟರ್ ಓಪಿಡಿ ಯಾವ ವಾರ ಇರ್ತದರಿ?’ ಕೌಂಟರಿನವರಿಗೆ ಅದೂ ಗೊತ್ತಿಲ್ಲದಿದ್ದರೆ ಇನ್ನೊಂದು ಪ್ರಶ್ನೆ ಇದೆ: ‘ಲಕ್ವಾ ಆದವರ ಕೈ ಬಿಗಿತಕ್ಕ ಬೊಟೊಕ್ಸ್ ಇಂಜೆಕ್ಷನ್ ಯಾವ ಡಾಕ್ಟರ್ ಹಾಕ್ತಾರ?’ ಆ ಪ್ರಶ್ನೆ ಸಾಮಾನ್ಯವಾಗಿ ಪಿ.ಎಂ.ಆರ್. ಇಲ್ಲವೇ ನರರೋಗ ವಿಭಾಗಕ್ಕೆ ಮುಟ್ಟುತ್ತದೆ, ಅಲ್ಲಿಂದ ದಾರಿ ತಿಳಿಯುತ್ತದೆ. ವಾರಕ್ಕೊಮ್ಮೆ ಬೇರೆ ಊರಿಂದ ಬಂದು ಹೋಗುವ ತಜ್ಞರೂ ಇರುತ್ತಾರೆ. ಅಂಥವರ ವಿಷಯದಲ್ಲಿ ಒಂದೇ ಮಾತು: ನಡುವೆ ತೊಂದರೆಯಾದರೆ ಯಾರನ್ನು ಕಾಣಬೇಕು ಎಂದು ಮೊದಲ ದಿನವೇ ಬರೆಸಿಕೊಳ್ಳಿ.

ಊರಲ್ಲಿ ಸಿಗಲಿಲ್ಲ ಎಂದರೆ ಏನು ಮಾಡಬೇಕು? ಈ ಮೂರು ಜಿಲ್ಲೆಯ ಮಟ್ಟಿಗೆ ನಡೆಯುವ ದಾರಿ ಎಂದರೆ ದೂರದ ಪಿ.ಎಂ.ಆರ್. ಡಾಕ್ಟರನ್ನು ಮೂರು ತಿಂಗಳಿಗೊಮ್ಮೆ ಕಾಣುವುದು, ಅವರು ಬರೆದುಕೊಟ್ಟ ಯೋಜನೆ ಹಿಡಿದು ಊರಿನ ಫಿಸಿಯೋದವರ ಹತ್ತಿರ ದಿನಾ ಕೆಲಸ ಮಾಡಿಸುವುದು. ದೊಡ್ಡ ಊರಿಗೆ ಒಯ್ದು ಒಂದು ತಿಂಗಳು ‘ಅಡ್ಮಿಟ್’ ಮಾಡಿ, ವಾಪಸ್ ತಂದು ಮೂಲೆಯ ಮಂಚಕ್ಕೆ ಹಾಕುವುದಕ್ಕಿಂತ ಇದು ನೂರು ಪಾಲು ಮೇಲು. ಗಂಭೀರವಾದ ಬೆನ್ನುಹುರಿ ಪೆಟ್ಟು, ತಲೆಗೆ ಏಟು, ಎರಡೂ ಕಾಲು ಹೋದದ್ದು ಇಂಥವಕ್ಕೆ ಮಾತ್ರ ಮೊದಲ ಸಲ ಒಳರೋಗಿಯಾಗಿ ಇರುವುದು ಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನಕ್ಕೆಂದೇ ವಿಭಾಗ ಇದೆ. ಮುಂಬೈ ಹಾಜಿ ಅಲಿಯಲ್ಲಿ 1955ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಇದಕ್ಕೇ ಮೀಸಲು. ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ ಈ ವಿಭಾಗ ಕಟ್ಟಿದ ಡಾ. ಮೇರಿ ವರ್ಗೀಸ್ ತಾವೇ ಅಪಘಾತದಲ್ಲಿ ಸೊಂಟದ ಕೆಳಗಿನ ಬಲ ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತು ಶಸ್ತ್ರಚಿಕಿತ್ಸೆ ಮಾಡಿದವರು. ಬೆಳಗಾವಿಯಿಂದ ಮುಂಬೈ, ಬೆಂಗಳೂರು ಎರಡೂ ಹೆಚ್ಚುಕಡಿಮೆ 500 ಕಿ.ಮೀ., ಮರಾಠಿ ಬಲ್ಲ ಮನೆಯವರಿಗೆ ಮುಂಬೈಯೇ ಹಗುರ. ಅದಕ್ಕೂ ಮೊದಲು ಹುಬ್ಬಳ್ಳಿ-ಧಾರವಾಡ, ಮಿರಜ-ಸಾಂಗ್ಲಿ, ಸೊಲ್ಲಾಪುರದ ದೊಡ್ಡ ಆಸ್ಪತ್ರೆಗಳಿಗೆ ಇದೇ ಪ್ರಶ್ನೆಗಳನ್ನು ಹಿಡಿದು ಫೋನ್ ಮಾಡಿ ನೋಡಿ.

ಯಾವಾಗ ಇವರನ್ನು ಹುಡುಕಬಾರದು ಎಂಬುದೂ ಗೊತ್ತಿರಲಿ. ಬಾಯಿ ಸೊಟ್ಟಗಾಗಿ, ಕೈ ಜೋತು ಬಿದ್ದು, ಮಾತು ತೊದಲಿ ಇನ್ನೂ ನಾಲ್ಕೂವರೆ ತಾಸು ಆಗಿಲ್ಲ ಎಂದರೆ ಸಿ.ಟಿ. ಸ್ಕ್ಯಾನ್ ಮತ್ತು ನರರೋಗ ತಜ್ಞರಿರುವ ಆಸ್ಪತ್ರೆಗೆ ಓಡಬೇಕು. ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಅವಧಿ ಅಷ್ಟೇ. ಅರ್ಧ ದಿನ ಊರ ಔಷಧಿಗೆ ಕಳೆದರೆ ಆಮೇಲೆ ಯಾವ ಪಿ.ಎಂ.ಆರ್. ಡಾಕ್ಟರೂ ಅದನ್ನು ತುಂಬಿಕೊಡಲಾರರು. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಜೋಮು ಹಿಡಿದರೆ ಅದೂ ಅದೇ ದಿನದ ತುರ್ತು, ಬೆನ್ನುಮೂಳೆಯ ಶಸ್ತ್ರಚಿಕಿತ್ಸಕರ ಕೆಲಸ. ಇನ್ನು ಹಿಡಿದುಕೊಂಡ ಭುಜ, ಸವೆದ ಮೊಣಕಾಲು ಇವಕ್ಕೆ ಊರಿನ ಮೂಳೆ ಡಾಕ್ಟರ್ ಮತ್ತು ಫಿಸಿಯೋ ಸಾಕು.

ಲಕ್ವಾದಲ್ಲಿ ಮಾತ್ರ ತಡ ಮಾಡಬೇಡಿ. ಚೇತರಿಕೆ ಅತಿ ಜೋರಾಗಿರುವುದು ಮೊದಲ ಮೂರು ತಿಂಗಳು. ಆರು ತಿಂಗಳ ನಂತರ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ‘ಮೊದಲು ಶಕ್ತಿ ಬರಲಿ, ಆಮೇಲೆ ವ್ಯಾಯಾಮ’ ಎಂದು ಹಾಸಿಗೆಯಲ್ಲೇ ಇಡುವುದು ಉಲ್ಟಾ ಲೆಕ್ಕ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಡಾಕ್ಟರನ್ನು ಕೇಳಿ ಪಿ.ಎಂ.ಆರ್. ರೆಫರಲ್ ಚೀಟಿ ಬರೆಸಿಕೊಳ್ಳಿ.

ಮೊದಲ ಭೇಟಿಗೆ ಡಿಸ್ಚಾರ್ಜ್ ಸಮ್ಮರಿ ಬೇಕು. ಸ್ಕ್ಯಾನಿನ ರಿಪೋರ್ಟ್ ಅಷ್ಟೇ ಸಾಲದು, ಫಿಲ್ಮ್ ಅಥವಾ ಸಿ.ಡಿ.ಯೂ ಇರಲಿ. ಮಾತ್ರೆಗಳ ಹೆಸರು ಬಾಯಲ್ಲಿ ಹೇಳುವ ಬದಲು ಖಾಲಿ ಸ್ಟ್ರಿಪ್ಪುಗಳನ್ನೇ ಒಂದು ಚೀಲದಲ್ಲಿ ಒಯ್ಯಿರಿ. ಒಂದು ವಾರದ ಬಿ.ಪಿ., ಶುಗರ್ ಬರೆದ ಹಾಳೆ ಇರಲಿ. ರೋಗಿ ನಡೆಯುವುದನ್ನು ಮುಂದಿನಿಂದ ಒಮ್ಮೆ, ಬದಿಯಿಂದ ಒಮ್ಮೆ, ಮೂವತ್ತು ಮೂವತ್ತು ಸೆಕೆಂಡು ವಿಡಿಯೋ ಮಾಡಿ. ಮಂಚದಿಂದ ಏಳುವುದರದ್ದೂ ಒಂದು. ಓಪಿಡಿಯಲ್ಲಿ ಹೆದರಿಕೆಗೆ ಬಿಗಿತ ಹೆಚ್ಚಾಗಿ, ಮನೆಯಲ್ಲಿ ನಡೆಯುವ ಹಾಗೆ ಅಲ್ಲಿ ನಡೆಯುವುದಿಲ್ಲ. ಇದೆಲ್ಲಕ್ಕಿಂತ ಉಪಯೋಗವಾಗುವುದು ಮನೆಯ ಫೋಟೋ: ಬಾಗಿಲ ಹೊಸ್ತಿಲು, ಪಾಯಖಾನೆ, ಬಚ್ಚಲು, ಮಂಚದ ಎತ್ತರ. ಹೊಸ್ತಿಲು ದಾಟದ ಗಾಲಿಕುರ್ಚಿ ಬರೆದುಕೊಟ್ಟರೆ ಅದು ಪಡಸಾಲೆಯಲ್ಲಿ ಅರಿವೆ ಒಣಹಾಕುವ ಸ್ಟ್ಯಾಂಡ್ ಆಗುತ್ತದೆ.

ಜೊತೆಗೆ ಯಾರು ಬರಬೇಕು? ನಮ್ಮ ಕಡೆ ಮಾತಾಡಬಲ್ಲ ಕಾಕಾ, ಕಾರು ಇರುವ ಅಳಿಯ ಬರುತ್ತಾರೆ. ರಾತ್ರಿ ಎದ್ದು ಮಗ್ಗಲು ಹೊರಳಿಸುವ ಸೊಸೆಯೋ ಹೆಂಡತಿಯೋ ಮನೆಯಲ್ಲೇ ಉಳಿಯುತ್ತಾರೆ. ಕಲಿಯಬೇಕಾದವರು ಅವರು. ಒಂದೇ ಸೀಟು ಇದ್ದರೆ ಕಾಕಾನನ್ನು ಬಿಟ್ಟು ಅವರನ್ನು ಕರೆತನ್ನಿ.

ಒಳ್ಳೆಯ ತಪಾಸಣೆ ಹೇಗಿರುತ್ತದೆ ಎಂದು ಗೊತ್ತಿದ್ದರೆ ಡಾಕ್ಟರನ್ನು ನೀವೂ ಅಳೆಯಬಹುದು. ಸ್ನಾಯುಬಲವನ್ನು 0ಯಿಂದ 5ರವರೆಗೆ ಅಂಕ ಹಾಕಿ ಬರೆಯುತ್ತಾರೆ. ಬಿಗಿತವನ್ನು ಕೈ ಮಡಿಸಿ ಬಿಚ್ಚಿ ನೋಡಿ ಆಶ್‌ವರ್ತ್ ಅಳತೆಯಲ್ಲಿ 0ಯಿಂದ 4ರವರೆಗೆ ಗುರುತಿಸುತ್ತಾರೆ. ಊಟ, ಸ್ನಾನ, ಪಾಯಖಾನೆ, ನಡಿಗೆ ಇಂಥ ಹತ್ತು ಕೆಲಸಗಳಿಗೆ ಬಾರ್ತೆಲ್ ಅಳತೆಯಲ್ಲಿ 100ಕ್ಕೆ ಇಷ್ಟು ಎಂದು ಹಾಕುತ್ತಾರೆ. ಅಂಕಗಳನ್ನು ಬರೆಸಿಕೊಳ್ಳಿ. ಮೂರು ತಿಂಗಳ ನಂತರ ‘ಸ್ವಲ್ಪ ಆರಾಮ ಆಗೇದ’ ಎಂಬ ಮಾತಿನ ಬದಲು 35 ಇದ್ದದ್ದು 60 ಆಯಿತೋ ಇಲ್ಲವೋ ಎಂದು ನೋಡಬಹುದು. ರೋಗಿಯನ್ನು ಮುಟ್ಟದೆ, ನಡೆಸಿ ನೋಡದೆ, ಸ್ಕ್ಯಾನ್ ಮಾತ್ರ ನೋಡಿ ಚೀಟಿ ಬರೆದರೆ ಅದು ಪಿ.ಎಂ.ಆರ್. ತಪಾಸಣೆ ಅಲ್ಲ.

ಚೀಟಿಯಲ್ಲಿ ‘ಫಿಸಿಯೋಥೆರಪಿ ಮಾಡಿಸಿ’ ಎಂಬ ಒಂದೇ ಸಾಲು ಇದ್ದರೆ ಅಲ್ಲೇ ನಿಂತು ಕೇಳಿ. ಊರಿನ ಫಿಸಿಯೋದವರಿಗೆ ಬೇಕಾದದ್ದು: ಮುಂದಿನ ಮೂರು ತಿಂಗಳ ಗುರಿ ಏನು, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು, ಬಿ.ಪಿ. ಎಷ್ಟು ಮೀರಿದರೆ ನಿಲ್ಲಿಸಬೇಕು, ಯಾವ ಕೀಲನ್ನು ಜಗ್ಗಬಾರದು. ಗುರಿ ಎಂದರೆ ‘ಸುಧಾರಣೆ’ ಅಲ್ಲ. ‘ಹಬ್ಬದೊಳಗೆ ವಾಕರ್ ಹಿಡಿದು ಪಾಯಖಾನೆಗೆ ಹೋಗಬೇಕು’ ಎಂಬಂಥದ್ದು. ಅಂಥ ಚೀಟಿ ಇಲ್ಲದಿದ್ದಾಗ ಏನಾಗುತ್ತದೆ ಎಂದರೆ, ಹತ್ತು ದಿನ ‘ಕರೆಂಟ್’ ಕೊಡುತ್ತಾರೆ, ಶಾಖ ಕೊಡುತ್ತಾರೆ, ರೋಗಿ ಮಲಗಿಯೇ ಇರುತ್ತಾನೆ. ಮಲಗಿದವನಿಗೆ ಕೊಡುವ ಚಿಕಿತ್ಸೆಯಿಂದ ನಡಿಗೆ ಬರುವುದಿಲ್ಲ, ನಡೆಯುವುದನ್ನು ಮತ್ತೆ ಮತ್ತೆ ಮಾಡಿದರಷ್ಟೇ ಬರುತ್ತದೆ. ಸ್ಪರ್ಶಜ್ಞಾನ ಹೋದ ಕಾಲಿಗೆ ಬಿಸಿನೀರಿನ ಚೀಲ ಇಟ್ಟು ಬೊಬ್ಬೆ ಎದ್ದ ಪ್ರಕರಣಗಳು ಬೇರೆ. ಸಕ್ಕರೆ ಇರುವವರಲ್ಲಿ ಆ ಗಾಯ ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಭುಜ. ಲಕ್ವಾ ಆದ ಕೈ ಸೊರಗಿ ಜೋತಾಡುವಾಗ ಭುಜದ ಕೀಲನ್ನು ಹಿಡಿದಿಡಲು ಸ್ನಾಯು ಇರುವುದಿಲ್ಲ. ಮಂಚದಿಂದ ಎಬ್ಬಿಸಲು ಆ ಕೈಯನ್ನೇ ಹಿಡಿದು ಎಳೆದರೆ ಕೀಲು ಜಾರುತ್ತದೆ, ಆಮೇಲೆ ನೋವಿಗೆ ರೋಗಿ ವ್ಯಾಯಾಮವನ್ನೇ ಬಿಡುತ್ತಾನೆ. ಎಬ್ಬಿಸುವಾಗ ಬೆನ್ನ ಹಿಂದೆ, ಸೊಂಟಕ್ಕೆ ಕೈ ಕೊಡಬೇಕು. ಮಲಗಿದಾಗ ಆ ಕೈಯಡಿ ದಿಂಬು ಇರಬೇಕು. ಇನ್ನೊಂದು ತಪ್ಪು, ಮೆತ್ತನೆಯ ಚೆಂಡು ಹಿಚುಕಿಸುವ ಚಟ. ಮುಷ್ಟಿ ಈಗಾಗಲೇ ಬಿಗಿದ ಕೈಗೆ ಚೆಂಡು ಕೊಟ್ಟರೆ ಮುಚ್ಚುವ ಸ್ನಾಯುವೇ ಇನ್ನಷ್ಟು ಗಟ್ಟಿಯಾಗುತ್ತದೆ, ಅಲ್ಲಿ ಕಲಿಸಬೇಕಾದದ್ದು ಬೆರಳು ಬಿಚ್ಚುವುದು. ಕಾಲು ತೆಗೆದವರಲ್ಲಿ ಇದರ ಜೋಡಿ ತಪ್ಪು ದಿಂಬಿನದು. ಉಳಿದ ತುಂಡು ಕಾಲಿನಡಿ ದಿಂಬು ಇಟ್ಟರೆ ಹಿತವೆನಿಸುತ್ತದೆ, ಆದರೆ ಮೊಣಕಾಲು ಮತ್ತು ತೊಡೆಸಂದು ಮಡಚಿದ ಹಾಗೇ ನಿಂತುಬಿಡುತ್ತವೆ. ಮಡಚಿದ ಕೀಲಿಗೆ ಕೃತಕ ಕಾಲು ಸರಿಯಾಗಿ ಕೂರುವುದಿಲ್ಲ. ದಿನಕ್ಕೆ ಎರಡು ಮೂರು ಸಲ 15-20 ನಿಮಿಷ ಬೋರಲು ಮಲಗಿಸಿ, ತುಂಡಿಗೆ ಎಂಟರ ಆಕಾರದಲ್ಲಿ ಬ್ಯಾಂಡೇಜು ಸುತ್ತುವುದನ್ನು ಕಲಿತುಕೊಳ್ಳಿ. ಅಡ್ಡಲಾಗಿ ಉಂಗುರದಂತೆ ಸುತ್ತಿದರೆ ಮೇಲೆ ಬಿಗಿದು ತುದಿ ಬಾತುಕೊಳ್ಳುತ್ತದೆ.

ಬೆನ್ನುಹುರಿ ಪೆಟ್ಟಿನವರ ಮನೆಯವರಿಗೆ ಕಾಲಿಗಿಂತ ಮೊದಲು ಎರಡು ವಿಷಯ: ಚರ್ಮ ಮತ್ತು ಮೂತ್ರ. ಹಾಸಿಗೆಯಲ್ಲಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಗಾಳಿಯ ಹಾಸಿಗೆ ತಂದೆವು ಎಂದು ಇದನ್ನು ಬಿಡುವಂತಿಲ್ಲ. ಕುರ್ಚಿಯಲ್ಲಿ ಕುಳಿತವರು 15ರಿಂದ 30 ನಿಮಿಷಕ್ಕೊಮ್ಮೆ ಕುಂಡಿ ಎತ್ತಬೇಕು ಇಲ್ಲವೇ ಬದಿಗೆ ವಾಲಬೇಕು. ಸದಾ ಕಥೀಟರ್ (ಮೂತ್ರದ ನಳಿಕೆ) ಹಾಕಿ ಬಿಡುವ ಬದಲು ನಾಲ್ಕರಿಂದ ಆರು ತಾಸಿಗೊಮ್ಮೆ ಹಾಕಿ ತೆಗೆಯುವ ಕ್ರಮವನ್ನು ಡಾಕ್ಟರ್ ಹೇಳಿಕೊಡಬಹುದು. ಒಂದು ಸಲಕ್ಕೆ ಅರ್ಧ ಲೀಟರ್ ಮೀರಿ ಬರುತ್ತಿದ್ದರೆ ನೀರು ಕುಡಿಯುವ ಹೊತ್ತನ್ನೋ ಕಥೀಟರಿನ ಹೊತ್ತನ್ನೋ ಬದಲಿಸಬೇಕು. ಎದೆಯ ಆರನೆಯ ನರಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟು ಬಿದ್ದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿ, ಬಿ.ಪಿ. ಏರಿದರೆ ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕಥೀಟರ್ ಮಡಚಿದೆಯೇ, ಮೂತ್ರ ಕಟ್ಟಿದೆಯೇ, ಮಲ ಗಟ್ಟಿಯಾಗಿದೆಯೇ ನೋಡಿ, ಇಳಿಯದಿದ್ದರೆ ಆಸ್ಪತ್ರೆಗೆ. ಎಲ್ಲ ತಾಲೂಕು ದವಾಖಾನೆಯಲ್ಲೂ ಇದು ಥಟ್ಟನೆ ಹೊಳೆಯುವುದಿಲ್ಲ, ಹಾಗಾಗಿ ಡಿಸ್ಚಾರ್ಜ್ ಸಮ್ಮರಿಯ ಮೇಲೆ ಪೆಟ್ಟಿನ ಮಟ್ಟ ದೊಡ್ಡದಾಗಿ ಬರೆದಿಡಿ.

ಸಾಮಾನು ಕೊಳ್ಳುವ ಅವಸರ ಬೇಡ. ಲಕ್ವಾ ಆದ ವಾರದಲ್ಲೇ ಮೆಡಿಕಲ್ ಅಂಗಡಿಯಿಂದ ವಾಕರ್, ಸ್ಪ್ಲಿಂಟ್ (ಕೈಕಾಲಿಗೆ ಕಟ್ಟುವ ಆಸರೆ ಪಟ್ಟಿ), ಗಾಲಿಕುರ್ಚಿ ಎಲ್ಲ ಬಂದಿರುತ್ತವೆ, ಒಂದೂ ಅಳತೆಯದ್ದಲ್ಲ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ವಾಕರಿನ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಗಾಲಿಕುರ್ಚಿಯ ಸೀಟು ಕುಳಿತವರ ಸೊಂಟದ ಅಗಲಕ್ಕಿಂತ ಸುಮಾರು ಎರಡು ಇಂಚು ಹೆಚ್ಚಿದ್ದರೆ ಸಾಕು. ಹೆಚ್ಚು ಅಗಲವಾದರೆ ರೋಗಿ ಒಂದು ಬದಿಗೆ ವಾಲುತ್ತಾನೆ, ಕುರ್ಚಿ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಇಳಿಜಾರು ಕಟ್ಟಿಸುವಾಗ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಆರು ಇಂಚಿನ ಹೊಸ್ತಿಲಿಗೆ ಆರು ಅಡಿ ಬೇಕು. ಗೌಂಡಿ ಎರಡು ಅಡಿಯಲ್ಲಿ ಮುಗಿಸುತ್ತೇನೆ ಎಂದರೆ ಒಪ್ಪಬೇಡಿ, ಕುರ್ಚಿ ಹಿಮ್ಮುಖವಾಗಿ ಮಗುಚುತ್ತದೆ. ಪಾದ ಎಳೆಯುವವರಿಗೆ ಬರೆಯುವ ಎ.ಎಫ್.ಒ. ಎಂಬ ಪ್ಲಾಸ್ಟಿಕ್ ಪಟ್ಟಿ ಹಾಕಿದಾಗ ಚರ್ಮ ಕೆಂಪಾಗುವುದು ಸಹಜ. ಬಿಚ್ಚಿ ಅರ್ಧ ತಾಸಾದರೂ ಕೆಂಪು ಹೋಗದಿದ್ದರೆ ಮಾಡಿದವರ ಹತ್ತಿರ ವಾಪಸ್ ಒಯ್ಯಿರಿ. ಬೆಳೆಯುವ ಮಕ್ಕಳದ್ದನ್ನು ಮೂರರಿಂದ ಆರು ತಿಂಗಳಿಗೊಮ್ಮೆ ನೋಡಿಸಬೇಕು.

ಬೊಟ್ಯುಲಿನಮ್ ಇಂಜೆಕ್ಷನ್ ಬಗ್ಗೆ ಜನರಲ್ಲಿ ಭಾರಿ ನಿರೀಕ್ಷೆ. ಅದು ಬಲ ತರುವುದಿಲ್ಲ, ಬಿಗಿತವನ್ನಷ್ಟೇ ಇಳಿಸುತ್ತದೆ. ಕೆಲವು ದಿನಗಳಲ್ಲಿ ಶುರುವಾಗಿ, ತಿಂಗಳ ಹೊತ್ತಿಗೆ ಪೂರ್ತಿ ಕೆಲಸ ಮಾಡಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆ ಕಿಟಕಿ ತೆರೆದಿರುವಾಗ ದಿನಾ ಹಿಗ್ಗಿಸುವ ವ್ಯಾಯಾಮ, ಸ್ಪ್ಲಿಂಟ್ ಇಲ್ಲದಿದ್ದರೆ ದುಬಾರಿ ಇಂಜೆಕ್ಷನ್ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸೀಸೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನೀವೇ ಕೊಂಡು ತರಬೇಕಾದರೆ ಐಸ್ ಪ್ಯಾಕ್ ಡಬ್ಬಿಯಲ್ಲೇ ತನ್ನಿ. ಏಪ್ರಿಲ್‌ನ ವಿಜಯಪುರದಲ್ಲಿ ಶರ್ಟಿನ ಕಿಸೆಯಲ್ಲಿಟ್ಟು ತಂದರೆ ಮುಗಿಯಿತು.

ಅಂಗವಿಕಲರ ಪ್ರಮಾಣಪತ್ರ ಬೇರೆಯೇ ಓಟ. ಖಾಸಗಿ ಪಿ.ಎಂ.ಆರ್. ಡಾಕ್ಟರ ಪತ್ರ ಅದಕ್ಕೆ ನಡೆಯುವುದಿಲ್ಲ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ ಯು.ಡಿ.ಐ.ಡಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಿಗದಿಯಾದ ಸರ್ಕಾರಿ ಆಸ್ಪತ್ರೆಯ ಮಂಡಳಿಯ ಮುಂದೆ ಹೋಗಬೇಕು. ಲಕ್ವಾದಂಥ ನರದ ತೊಂದರೆಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆಯೇ ಅಳೆಯುತ್ತಾರೆ, ಎರಡನೇ ತಿಂಗಳಿಗೇ ರೋಗಿಯನ್ನು ಹೊತ್ತುಕೊಂಡು ಹೋಗಿ ಬರಿಗೈಯಲ್ಲಿ ಬರಬೇಡಿ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಅಂಗವೈಕಲ್ಯವೇ ಗೆರೆ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲೂಕಿನಲ್ಲಿ ಎಂ.ಆರ್.ಡಬ್ಲ್ಯು. ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಕೃತಕ ಅಂಗ ತಯಾರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಅಲಿಮ್ಕೊದ ಸಲಕರಣೆ ಶಿಬಿರಗಳ ಸುದ್ದಿಯೂ ಮೊದಲು ಅವರಿಗೇ ತಿಳಿಯುತ್ತದೆ.

ದೂರದ ಡಾಕ್ಟರ ಜೊತೆ ನಡುವಿನ ಭೇಟಿ ವಿಡಿಯೋ ಕಾಲ್‌ನಲ್ಲಿ ಆಗಬಹುದು, ಆದರೆ ಮೊದಲ ಭೇಟಿ ಎದುರಾಬದುರು ಆಗಲೇಬೇಕು. ಬಿಗಿತ ಕೈಯಿಂದ ಮುಟ್ಟಿ ನೋಡುವ ವಿಷಯ, ಪರದೆಯಲ್ಲಿ ಕಾಣುವುದಿಲ್ಲ. ಬಿಗಿತ ಇಳಿಸುವ ಬ್ಯಾಕ್ಲೊಫೆನ್ ಮಾತ್ರೆ ಬರೆದುಕೊಟ್ಟಿದ್ದರೆ ಒಂದು ಎಚ್ಚರ. ಸಾಮಾನ್ಯವಾಗಿ 5 ಮಿ.ಗ್ರಾಂನಿಂದ ದಿನಕ್ಕೆ ಮೂರು ಸಲ ಶುರುಮಾಡಿ ಡಾಕ್ಟರ್ ಮೆಲ್ಲನೆ ಏರಿಸುತ್ತಾರೆ. ಇಳಿಸುವುದೂ ಹಾಗೇ ಮೆಲ್ಲನೆ. ತಾಲೂಕಿನ ಮೆಡಿಕಲ್‌ನಲ್ಲಿ ಸ್ಟಾಕ್ ಇಲ್ಲ ಎಂದು ಒಮ್ಮೆಲೇ ನಿಂತರೆ ಫಿಟ್ಸ್, ಭ್ರಮೆ ಬರಬಹುದು, ಬಿಗಿತ ಮೊದಲಿಗಿಂತ ಹೆಚ್ಚಾಗಬಹುದು. ಸ್ಟ್ರಿಪ್ಪಿನಲ್ಲಿ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತರಿಸಿಡಿ, ಮದುವೆ ಸೀಸನ್ನಿನಲ್ಲಿ ಹದಿನೈದು ದಿನದ್ದು.